ಹೊಗೆ ಬಾರದ ಗಾಡಿ

ಮಾವ ಹೊಸ ಪಿಕಪ್ ತಂದ ದಿನ ಹೆಬಳೆಯ ಅವರ ಅಂಗಳದಲ್ಲಿ ಎಲ್ಲರೂ ಗಾಡಿಯ ಮುಂದೆ ನಿಂತು ನೋಡುತ್ತಿದ್ದರೆ, ನಾನು ಹಿಂದೆ ಹೋಗಿ ಸೈಲೆನ್ಸರ್ ಬಾಯಿಗೆ ಅಂಗೈ ಹಿಡಿದೆ. ಇದು ನನ್ನ ಮೂವತ್ತು ವರ್ಷದ ಅಭ್ಯಾಸ. ಡೀಸೆಲ್ ಹೊಗೆ ಅಂಗೈಗೆ ಬಿದ್ದರೆ ಅದರಲ್ಲಿ ಮಸಿ ಎಷ್ಟು, ಎಂಜಿನ್ ಆಯಿಲ್ ಎಷ್ಟು, ಅರ್ಧ ಉರಿದ ಡೀಸೆಲ್ ಎಷ್ಟು ಎಂದು ನನಗೆ ತಿಳಿಯುತ್ತದೆ. ಮೂಗಿನ ಹತ್ತಿರ ಹಿಡಿದರೆ ಉಳಿದದ್ದೂ ತಿಳಿಯುತ್ತದೆ. ಆ ದಿನ ಅಂಗೈ ಬೆಚ್ಚಗಾಯಿತು, ಅಷ್ಟೇ. ತೆಗೆದು ನೋಡಿದರೆ ಊಟಕ್ಕೆ ಕೂರುವವನ ಕೈಯ ಹಾಗಿತ್ತು.

ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಜಗುಲಿಯ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ.

"ಮಸಿ ಸಿಕ್ತಾ ಭಾವ?"

"ಇಲ್ಲ. ಹೊಸದಲ್ದಾ. ಹೊಸತರಲ್ಲಿ ಎಲ್ಲದೂ ಹಿಂಗೇ."

ನಾನು ಹೇಳಿದ್ದು ಸುಳ್ಳು. ಹಿಂದಿನ ಗಾಡಿಗಳು ಶೋರೂಮಿನಿಂದ ಹೊರಗೆ ಬಿದ್ದ ದಿನವೇ ಅಂಗೈಗೆ ಕಾಡಿಗೆ ಹಚ್ಚುತ್ತಿದ್ದವು. ಅದು ಅವನಿಗೂ ಗೊತ್ತಿತ್ತು. ಅವನಿಗೆ ಅದನ್ನು ಕಲಿಸಿದವನೇ ನಾನು.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಕುಮಟಾದ ಒಂದು ಡೀಸೆಲ್ ಶೆಡ್ಡಿನಲ್ಲಿ ಮೇಸ್ತ್ರಿಯ ಕೈ ಕೆಳಗೆ ಬೆಳೆದೆ. ಮೇಸ್ತ್ರಿ ಬಾಯಿಯಿಂದ ಏನನ್ನೂ ಕಲಿಸುತ್ತಿರಲಿಲ್ಲ. ಎಂಜಿನ್ ಚಾಲೂ ಮಾಡಿ, ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಒತ್ತಿ, ಹಿಡಿಯನ್ನು ನನ್ನ ಕಿವಿಗೆ ಇಟ್ಟು ಸುಮ್ಮನಾಗುತ್ತಿದ್ದರು. ಯಾವ ಸಿಲಿಂಡರ್ ಅಳುತ್ತಿದೆ ಎಂದು ನಾನೇ ಹೇಳಬೇಕು. ಷಡ್ಡಕ ಆ ಶೆಡ್ಡಿಗೆ ಬಂದದ್ದು ನಾನು ಸೇರಿ ಎಂಟು ವರ್ಷವಾದ ಮೇಲೆ. ಹತ್ತನೇ ಪಾಸು, ಮೇಲೆ ಐ.ಟಿ.ಐ. ಮಾಡಿದ್ದ. ಆದರೂ ವಾಲ್ವಿನ ಸಂದು ಅಳೆದು ಟ್ಯಾಪೆಟ್ ಹಿಡಿಯಲು ಬರುತ್ತಿರಲಿಲ್ಲ. ನಾನು ಕಲಿಸಿದೆ. ಒಳ್ಳೆಯವನು, ಕುಡಿಯುವುದಿಲ್ಲ, ನಾದಿನಿಗೆ ಇವನೇ ಆಗಬಹುದು ಎಂದು ಮಾವನಿಗೆ ಹೇಳಿದವನೂ ನಾನೇ. ಹೀಗೆ ನನ್ನ ಹೊಟ್ಟೆಯುರಿಯನ್ನು ನಾನೇ ಕೈ ಹಿಡಿದು ಮನೆಯೊಳಗೆ ಕರೆದುಕೊಂಡು ಬಂದೆ.

ಆಮೇಲೆ ನಾನು ಹೊನ್ನಾವರದಲ್ಲಿ ಹೈವೇ ಬದಿಗೆ ಗ್ಯಾರೇಜು ಹಾಕಿದೆ. ಅವನು ಭಟ್ಕಳದಲ್ಲಿ ಹೊಗೆ ತಪಾಸಣೆ ಕೇಂದ್ರ ತೆರೆದ. ಗಾಡಿ ಹೊಗೆ ಎಷ್ಟು ಬಿಡಬಹುದು ಎಂಬ ಲೆಕ್ಕ ಇಡೀ ದೇಶಕ್ಕೆ ಒಂದೇ, ಅದು ದಿಲ್ಲಿಯಿಂದ ಬರುತ್ತದೆ. ಅದನ್ನು ಅಳೆಯುವ ಕೇಂದ್ರಕ್ಕೆ ಲೈಸೆನ್ಸ್ ಕೊಡುವುದು ರಾಜ್ಯ. ಆ ಲೈಸೆನ್ಸಿಗೆ ಓದಿದ ಸರ್ಟಿಫಿಕೇಟ್ ಬೇಕು. ನಾನೂ ಒಮ್ಮೆ ವಿಚಾರಿಸಿದ್ದೆ. ಅರ್ಜಿ ಫಾರಂ ಕೊಟ್ಟವನು ವಿದ್ಯಾರ್ಹತೆ ಎಂಬ ಸಾಲಿಗೆ ಬೆರಳಿಟ್ಟು ನನ್ನ ಮುಖ ನೋಡಿದ. ಫಾರಂ ಮಡಚಿ ಕಿಸೆಗೆ ಹಾಕಿಕೊಂಡು ಬಂದೆ. ಅಂದಿನಿಂದ ನನ್ನ ಕೈಯಲ್ಲಿ ರಿಪೇರಿಯಾದ ಗಾಡಿಗಳು ಅವನ ಕೇಂದ್ರದ ಮುಂದೆ ಸಾಲು ನಿಲ್ಲತೊಡಗಿದವು. ನನ್ನ ಮೂಗು ಒಪ್ಪಿದ್ದನ್ನು ಅವನ ಮೀಟರ್ ಒಪ್ಪಬೇಕು.

ನಮ್ಮ ಕಸುಬಿನ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಹಳೆಯ ಗಾಡಿಗಳ ಡೀಸೆಲ್ ಪಂಪಿಗೆ ಒಂದು ಸ್ಕ್ರೂ ಇರುತ್ತದೆ. ಅದನ್ನು ಬಿಗಿದರೆ ಡೀಸೆಲ್ ಹೆಚ್ಚು ಹೋಗುತ್ತದೆ, ಗಾಡಿ ದೇವಿಮನೆ ಘಟ್ಟವನ್ನು ಗೂಳಿಯ ಹಾಗೆ ಹತ್ತುತ್ತದೆ, ಹಿಂದೆ ಕರಿ ಹೊಗೆ ಬಿಡುತ್ತದೆ. ಅರ್ಧ ಸುತ್ತು ಸಡಿಲಿಸಿದರೆ ಹೊಗೆ ನಿಲ್ಲುತ್ತದೆ, ಮೈಲೇಜ್ ಬರುತ್ತದೆ, ಘಟ್ಟದಲ್ಲಿ ಮಾತ್ರ ಗಾಡಿ ತಿಣುಕುತ್ತದೆ. ತಪಾಸಣೆಗೆ ಮೊದಲು ಸಡಿಲಿಸುವುದು, ಚೀಟಿ ಸಿಕ್ಕ ಮೇಲೆ ಮೊದಲಿನ ಜಾಗಕ್ಕೆ ತರುವುದು. ಕರಾವಳಿಯ ಅರ್ಧ ಮೆಕ್ಯಾನಿಕರು ಇದನ್ನು ಮಾಡಿದವರೇ. ಜಾಗ ಮರೆಯದಂತೆ ನಾನು ನಟ್ಟಿನ ಮೇಲೆ ಪಂಚಿನಿಂದ ಒಂದು ಚುಕ್ಕಿ ಹೊಡೆಯುತ್ತಿದ್ದೆ. ನನ್ನ ಗಾಡಿಗಳು ಹೋದಾಗ ಷಡ್ಡಕ ಬಾನೆಟ್ ಎತ್ತಿ ಆ ಚುಕ್ಕಿ ನೋಡುತ್ತಿದ್ದ. ನೋಡಿ ಮುಚ್ಚುತ್ತಿದ್ದ. ಏನೂ ಅನ್ನುತ್ತಿರಲಿಲ್ಲ. ಒಂದು ಸಲ ಬಯ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮಾವನ ಹಳೆಯ ಪಿಕಪ್ ಮಾತ್ರ ನನ್ನದು. ಹೆಸರಿಗೆ ಅವರದ್ದು, ಕೈ ನನ್ನದು. ಹೆಬಳೆಯ ತೆಂಗಿನಕಾಯಿ ಕುಮಟಾಕ್ಕೆ, ಕತಗಾಲದ ಬಾಳೆಗೊನೆ ಭಟ್ಕಳಕ್ಕೆ, ಹೀಗೆ ಅವರ ವ್ಯಾಪಾರ. ಹದಿನಾಲ್ಕು ವರ್ಷ ಆ ಗಾಡಿಗೆ ಬೇರೆಯವರು ಪಾನಾ, ಅಂದರೆ ಸ್ಪ್ಯಾನರ್, ಹಚ್ಚಿರಲಿಲ್ಲ. ಹೋಗುವಾಗ ಬರುವಾಗ ನನ್ನ ಗ್ಯಾರೇಜಿನ ಮುಂದೆ ನಿಲ್ಲಿಸಿ, ಇಳಿಯದೆ, "ಕೇಳು ನೋಡ್ವ" ಅನ್ನುತ್ತಿದ್ದರು. ನಾನು ಬಂದು ಕಿವಿಗೊಡುತ್ತಿದ್ದೆ. "ಆತು, ಹೋಗಿ" ಅಂದರೆ ಹೋಗುತ್ತಿದ್ದರು. ನನ್ನ ಗಿರಾಕಿಗಳು ಇದನ್ನು ನೋಡುತ್ತಿದ್ದರು. ಮಾವ ಗಾಡಿಯ ವಿಷಯಕ್ಕೆ ಯಾರನ್ನು ಕೇಳುತ್ತಾರೆ ಎನ್ನುವುದು ಬೇರೆಯವರಿಗೆ ಸಣ್ಣ ಸಂಗತಿ ಇರಬಹುದು. ಆ ಮನೆಯಲ್ಲಿ ನನ್ನ ಜಾಗ ಇದ್ದದ್ದು ಅದರಲ್ಲೇ.

ಆ ಜಾಗ ಅಲುಗಿದ್ದು ಒಂದು ಹಬ್ಬದ ಊಟದಲ್ಲಿ. ಹಳೆಯ ಗಾಡಿ ಓಡಿಸಲು ಯೋಗ್ಯ ಎಂಬ ಎಫ್.ಸಿ. ಮತ್ತೆ ಮಾಡಿಸುವ ದಿನ ಹತ್ತಿರ ಬಂದಿತ್ತು. ಮಾವ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಕೇಳಿದರು:

"ಗಾಡಿ ಇಟ್ಕಳೂದಾ, ಮಾರೂದಾ? ಇಬ್ರೂ ನನ್ನೆದ್ರೇ ಹೇಳಿ. ಆಮೇಲೆ ಅವ ಹಿಂಗಂದ ಇವ ಹಂಗಂದ ಅಂತ ಬರೂದು ಬೇಡ."

ಹಿರಿಯ ಅಳಿಯ ನಾನು, ಮೊದಲು ಬಾಯಿ ತೆರೆದೆ. "ಮಾರೂದು ಎಂತಕೆ? ಹತ್ತು ವರ್ಷಕ್ಕೆ ಡೀಸೆಲ್ ಗಾಡಿ ಬಂದ್ ಅನ್ನೂದೆಲ್ಲ ದಿಲ್ಲಿ ಕಾನೂನು ಮಾವ. ಅದು ದಿಲ್ಲಿಗೆ. ನಮ್ಮ ರಾಜ್ಯ ಹಸಿರು ತೆರಿಗೆ ಕಟ್ಟಿಸ್ಕಂಡು ಓಡ್ಸೂಕೆ ಬಿಡ್ತದೆ. ದಿಲ್ಲೀಲಿ ಸತ್ತ ಕಾರೆಲ್ಲ ಭಟ್ಕಳದಲ್ಲಿ ಬಣ್ಣ ಹಚ್ಕಂಡು ಓಡ್ತಾ ಇಲ್ವಾ?"

ಷಡ್ಡಕ ಪಾಯಸ ಕುಡಿದು ಮುಗಿಸಿ ನಿಧಾನಕ್ಕೆ ಹೇಳಿದ. "ಭಾವ ಹೇಳಿದ್ದು ಖರೆ. ತೆರಿಗೆ, ಪರ್ಮಿಟ್ಟು, ನನ್ನ ಮೀಟರಿನ ಲೈಸೆನ್ಸು ಎಲ್ಲ ರಾಜ್ಯದ್ದು. ಆದ್ರೆ ಹೊಗೆ ಎಷ್ಟಿರಬೇಕು ಅನ್ನೂದು ರಾಜ್ಯ ಹೇಳೂದಲ್ಲ. ಅದು ಕೇಂದ್ರದ್ದು, ಕಾಶ್ಮೀರಕ್ಕೂ ಅದೇ, ಹೆಬಳೆಗೂ ಅದೇ. ಇನ್ನು ಎಫ್.ಸಿ.ಯನ್ನೂ ಮಷಿನ್ನೇ ಮಾಡ್ತದೆ ಅಂತ ಅದೆ. ಮಷಿನ್ನಿಗೆ ಭಾವ ಗೊತ್ತಿಲ್ಲ, ನಾ ಗೊತ್ತಿಲ್ಲ."

ಮಾವ ಮಜ್ಜಿಗೆ ಕಲಸುತ್ತ ಯೋಚಿಸಿದರು. "ಅಲ್ರಾ, ಗಾಡಿ ಒಂದೇ, ಹೊಗೆ ಒಂದೇ. ದಿಲ್ಲಿಯವ್ರ ಎದೆಗೆ ಹತ್ತು ವರ್ಷಕ್ಕೇ ಸಾಕಾತು, ನಮ್ಮ ಎದೆ ಇನ್ನೂ ತಡೀತದೆ ಅಂದ್ರೆ, ನಾವೆಲ್ಲ ಅಷ್ಟು ಗಟ್ಟಿ ಇದ್ವಾ?"

"ನೀವು ಇದ್ರಿ," ಎಂದರು ಅತ್ತೆ ಒಳಗಿನಿಂದ. "ಬೀಡಿ ಹೊಗೆ ತಡೆದ ಎದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುವಿನ ನಡುವೆ ಮಾವ ಕೇಳಿದ್ದು ಅವನನ್ನು: "ಹಂಗಾರೆ ಯಾವ ಗಾಡಿ ತಕಳೂದು ಬೆಸ್ಟು?"

ಹೊಸ ಗಾಡಿ ಬಂತು. ಭಾರತ್ ಸ್ಟೇಜ್ ಆರು, ಹೊಗೆಯ ಹೊಸ ಲೆಕ್ಕದ್ದು. ಅದರ ಪಂಪಿನಲ್ಲಿ ನಾನು ತಿರುಗಿಸುವಂಥ ಸ್ಕ್ರೂ ಇಲ್ಲ. ಡೀಸೆಲ್ ಎಷ್ಟು ಬಿಡಬೇಕು ಎಂದು ಒಂದು ಡಬ್ಬಿ ತೀರ್ಮಾನಿಸುತ್ತದೆ. ಡಬ್ಬಿಗೆ ಏನಾಯಿತು ಎಂದು ಷಡ್ಡಕನ ಸ್ಕ್ಯಾನರ್ ಹೇಳುತ್ತದೆ. ಡೀಸೆಲ್ ಮುಚ್ಚಳದ ಪಕ್ಕದಲ್ಲಿ ನೀಲಿ ಬಣ್ಣದ ಇನ್ನೊಂದು ಮುಚ್ಚಳ. ಅದರೊಳಗೆ ಹೊಗೆ ತೊಳೆಯುವ ನೀರು. ಬಕೆಟಿನಲ್ಲಿ ಮಾರುತ್ತಾರೆ, ಅದರ ಮೇಲೆ ಡೆಫ್ ಎಂದಿರುತ್ತದೆ, ಡ್ರೈವರುಗಳು ಯೂರಿಯಾ ಅನ್ನುತ್ತಾರೆ. ಯೂರಿಯಾದಿಂದಲೇ ಮಾಡಿದ್ದು, ಆದರೆ ಕನ್ನಡಿಯಷ್ಟು ಶುದ್ಧ ಇರಬೇಕು.

ಮಾವ ಭಟ್ಕಳದ ಬಂಕಿನಲ್ಲಿ ಟ್ಯಾಂಕ್ ಬಾಯಿಮಟ್ಟ ತುಂಬಿಸಿ, ಕುಮಟಾಕ್ಕೆ ಹೋಗಿ ಬಂದು, ಅದೇ ಬಂಕಿನಲ್ಲಿ ಮತ್ತೆ ಬಾಯಿಮಟ್ಟ ತುಂಬಿಸಿ ಮೈಲೇಜ್ ನೋಡಿದರು. ಆ ಪದ್ಧತಿಯನ್ನೂ ಅವರಿಗೆ ಕಲಿಸಿದವನು ನಾನು. ನನ್ನ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿ, ಗಾಜು ಇಳಿಸಿ, "ಹಳೇದಕ್ಕಿಂತ ಲೀಟರಿಗೆ ಮೂರು ಕಿಲೋಮೀಟರ್ ಜಾಸ್ತಿ ಬಂತು ಮರಾಯ" ಎಂದರು. ಖುಷಿಯನ್ನು ಹಂಚಿಕೊಳ್ಳಲು ನಿಲ್ಲಿಸಿದ್ದರು. "ಕೇಳು ನೋಡ್ವ" ಅನ್ನಲಿಲ್ಲ. ಕೇಳುವುದಕ್ಕೆ ಏನೂ ಇರಲಿಲ್ಲ, ಗಾಡಿ ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತು. ಅವರು ಹೋದ ಮೇಲೆ ಕೈಯಲ್ಲಿದ್ದ ಇಂಜೆಕ್ಟರನ್ನು ಎರಡು ಸಲ ತಪ್ಪು ಜೋಡಿಸಿದೆ.

ಮನೆಯಲ್ಲಿ ಹೆಂಡತಿ ಹೇಳಿದಳು, "ತಂಗಿ ಗಂಡನ ಮೀಟರ್ ನಿಮ್ಮ ಹೊಟ್ಟೆಗೊಂದು ಹಚ್ಚಬೇಕು. ಫೇಲಾಗ್ತ್ರಿ."

ಇಷ್ಟಾಗಿ ಕೆಲವು ತಿಂಗಳಿಗೆ, ಒಂದು ಬೆಳಿಗ್ಗೆ, ಮಾವನ ಫೋನ್ ಬಂತು. ಷಡ್ಡಕ ಮೀಟರಿನ ಕೆಲಸಕ್ಕೆಂದು ಹುಬ್ಬಳ್ಳಿಗೆ ಹೋಗಿದ್ದ, ಫೋನ್ ಎತ್ತುತ್ತಿರಲಿಲ್ಲವಂತೆ. ಹಾಗಾಗಿ ನನಗೆ.

"ಯೂರಿಯಾ ಮುಗೀತು ಅಂತ ದೀಪ ಹತ್ಕಂಡದೆ. ಅಂಗಡೀಲಿ ಬಕೆಟ್ ಖಾಲಿ ಅಂತೆ, ನಾಳೆ ಬರ್ತದಂತೆ. ನಾಳೆ ನಂಗೆ ಕತಗಾಲಕ್ಕೆ ಹೋಗ್ಲೇಬೇಕು. ಸೊಸೈಟಿಯಿಂದ ತಂದ ಯೂರಿಯಾ ಅರ್ಧ ಚೀಲ ಮನೇಲಿ ಅದೆ. ನೀರಲ್ಲಿ ಕರಗಿಸಿ, ಸೋಸಿ ಹಾಕ್ಲಾ?"

ಹಾಕಬಾರದು. ನನಗೆ ಗೊತ್ತಿತ್ತು. ಎರಡು ತಿಂಗಳ ಹಿಂದೆ ಘಟ್ಟದ ಮೇಲಿನ ಒಂದು ಲಾರಿಯವನು ಇದನ್ನೇ ಮಾಡಿ, ಶರಾವತಿ ಸೇತುವೆ ದಾಟಿ ನಿಂತು, ಎಳೆಸಿಕೊಂಡು ನನ್ನಲ್ಲಿಗೆ ಬಂದಿದ್ದ. ಟ್ಯಾಂಕ್ ತೊಳೆದವನು ನಾನು. ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆ ಲೇಪಿಸಿರುತ್ತಾರೆ. ಅದು ಒಳಗಿನ ಸೂಜಿಗಣ್ಣಿನ ತೂತನ್ನು ಕಟ್ಟಿ ಹಾಕುತ್ತದೆ. ಇಷ್ಟೂ ಒಂದು ಉಸಿರಿನಲ್ಲಿ ಹೇಳಬಹುದಿತ್ತು.

ನಾನು ಹೇಳಿದ್ದು ಹೀಗೆ: "ಯೂರಿಯಾ ಅಂದ್ರೆ ಯೂರಿಯಾನೇ ಅಲ್ದಾ ಮಾವ. ನಿಮ್ಮ ಹೊಸ ಗಾಡಿ, ನಾ ಎಂತ ಹೇಳೂದು."

"ಹಂಗಾರೆ ಅಡ್ಡಿಲ್ಲ ಅಂತಾ?"

"ಅಡ್ಡಿಲ್ಲ" ಎಂದೆ.

ಫೋನ್ ಇಟ್ಟ ಮೇಲೆ ಬೇಸರವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅಂದು ಮಧ್ಯಾಹ್ನ ಮೀನು ಸಾರಿನಲ್ಲಿ ಚೆನ್ನಾಗಿ ಊಟ ಮಾಡಿದೆ. ಷಡ್ಡಕ ಆರಿಸಿದ ಗಾಡಿ ನಡುದಾರಿಯಲ್ಲಿ ನಿಲ್ಲುವುದನ್ನೂ, ಮಾವ ನನ್ನ ಗ್ಯಾರೇಜಿನ ಮುಂದೆ ಇಳಿದು "ನೋಡ್ವ" ಅನ್ನುವುದನ್ನೂ, ನಾನು ಲಾರಿಯವನ ಟ್ಯಾಂಕ್ ತೊಳೆದ ಹಾಗೆ ಇದನ್ನೂ ತೊಳೆದು, ಸ್ಕ್ಯಾನರ್ ಇಲ್ಲದೆಯೇ ಕಾರಣ ಹೇಳುವುದನ್ನೂ ಮನಸ್ಸಿನಲ್ಲೇ ನೋಡಿದೆ.

ಮರುದಿನ ಸಂಜೆಯ ಹೊತ್ತಿಗೆ ಗಾಡಿ ಬಂತು. ಕುಮಟಾ ಕಡೆಯಿಂದ, ಬಾಳೆಗೊನೆ ಹೇರಿಕೊಂಡು, ಎತ್ತಿನ ಗಾಡಿಯ ವೇಗದಲ್ಲಿ, ರಸ್ತೆಯ ಎಡ ಅಂಚು ಹಿಡಿದು. ಹೊಗೆ ತೊಳೆಯುವ ನೀರು ಕೆಟ್ಟರೆ ಡಬ್ಬಿ ಗಾಡಿಯ ವೇಗವನ್ನು ಕಟ್ಟಿಹಾಕುತ್ತದೆ. ಹಿಂದಿದ್ದ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು. ನಾನು ಕೈ ಒರೆಸಿಕೊಂಡು ಎದ್ದು ನಿಂತೆ. ಮಾವ ನನ್ನನ್ನು ನೋಡಿದರು. ಸ್ಟೇರಿಂಗಿನಿಂದ ಒಂದು ಕೈ ಎತ್ತಿ, ಎಂದಿನಂತೆ ತಲೆ ಆಡಿಸಿ, ನಿಲ್ಲಿಸದೆ ಮುಂದೆ ಹೋದರು. ಆ ವೇಗದಲ್ಲಿ ಹೆಬಳೆಗೆ ಎರಡು ತಾಸು. ಅಷ್ಟು ದೂರ ತೆವಳಿಕೊಂಡು ಹೋದಾರು, ನನ್ನ ಹತ್ತಿರ ನಿಲ್ಲಲಾರರು. ಆ ಗಳಿಗೆಯಲ್ಲಿ ಷಡ್ಡಕನ ಮೇಲೆ ಬಂದಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿಲ್ಲ. ಅವನು ಅಲ್ಲಿ ಇರಲೂ ಇಲ್ಲ.

ಮಾರನೆಯ ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆರೆಯದೆ ಬೈಕಿನಲ್ಲಿ ಹೆಬಳೆಗೆ ಹೋದೆ. ಷಡ್ಡಕ ಆಗಲೇ ಬಂದಿದ್ದ, ಸ್ಕ್ಯಾನರಿನ ವಯರ್ ಚುಚ್ಚಿಕೊಂಡು ಸೀಟಿನಲ್ಲಿ ಕೂತಿದ್ದ. ಎಂಜಿನ್ ಓಡುತ್ತಿತ್ತು. ಬೈಕ್ ನಿಲ್ಲಿಸುವಾಗಲೇ ನನ್ನ ಮೂಗಿಗೆ ಬಂತು: ಬೇವು. ತಲೆಗೂದಲಿಗೆ ಬೇವಿನೆಣ್ಣೆ ಹಚ್ಚಿದವರ ಪಕ್ಕ ಬಸ್ಸಿನಲ್ಲಿ ಕೂತ ಹಾಗೆ. ಇಡೀ ಅಂಗಳದಲ್ಲಿ ಅದು ನನಗೊಬ್ಬನಿಗೇ ಬರುತ್ತಿತ್ತೇನೋ.

"ಮಷಿನ್ ಎಂತ ಹೇಳ್ತದೆ?" ಎಂದು ಕೇಳಿದೆ.

"ಡೆಫ್ ಸಮಾ ಇಲ್ಲ ಅಂತದೆ ಭಾವ. ಎಂತಕೆ ಸಮಾ ಇಲ್ಲ ಅಂತ ಹೇಳೂದಿಲ್ಲ." ಅವನು ಇಳಿದು ನೀಲಿ ಮುಚ್ಚಳ ತೆರೆದು ಬಗ್ಗಿದ. ಒಳಗೆ ಟಾರ್ಚ್ ಬಿಟ್ಟು ನೋಡಿ, ತಲೆ ಎತ್ತಿ ಮಾವನ ಕಡೆ ತಿರುಗಿದ. "ಇದಕ್ಕೆ ಎಂತ ಹಾಕಿದ್ರಿ?"

"ಗೊಬ್ಬರದ ಯೂರಿಯಾ," ಎಂದರು ಮಾವ. "ಬಾವಿ ನೀರಲ್ಲಿ ಕದಡಿ, ಪಂಚೇಲಿ ಸೋಸಿ."

"ಯಾರು ಹೇಳಿದ್ರು?"

ನಾನು ಮಾವನ ಮುಖ ನೋಡಲಿಲ್ಲ.

"ಯಾರು ಹೇಳೂದು? ನಂಗೇ ಹಂಗೆ ಕಂಡ್ತು," ಎಂದರು ಮಾವ.

ಆಮೇಲೆ ಇಬ್ಬರೂ ಕೆಲಸಕ್ಕೆ ಇಳಿದೆವು. ಅವನು ಗಾಡಿಯ ಕೆಳಗೆ ಮಲಗಿ ಟ್ಯಾಂಕ್ ಬಿಚ್ಚಿದ. ನಾನು ಹಿಂದಿನ ಪೈಪಿನಿಂದ ಯೂರಿಯಾ ಚಿಮ್ಮಿಸುವ ನಳಿಕೆ ಬಿಚ್ಚಿದೆ. ಅದರ ಬಾಯಿಗೆ ಉಪ್ಪಿನಾಗರದ ಅಂಚಿನಲ್ಲಿ ಕಟ್ಟುವ ಹಾಗೆ ಬಿಳಿ ಹರಳು ಕಟ್ಟಿತ್ತು. ಬ್ಯಾಟರಿಗೆ ಹಾಕುವ ಶುದ್ಧ ನೀರನ್ನು ಬಿಸಿ ಮಾಡಿಸಿ, ಅದರಲ್ಲಿ ನಳಿಕೆ ಅದ್ದಿ, ಹರಳು ತಾನಾಗಿ ಬಿಡುವವರೆಗೆ ಕಾದೆ. ಕೆರೆದರೆ ತೂತು ಕೆಡುತ್ತದೆ. ಮಾವ ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತರು. ಷಡ್ಡಕನಿಗೆ ಕೇಳದಷ್ಟು ಮೆತ್ತಗೆ ಹೇಳಿದರು:

"ನಿನ್ನೆ ನಿಲ್ಲಿಸ್ಲಿಲ್ಲ ಅಂತ ಬೇಜಾರ್ ಮಾಡ್ಕಬೇಡ. ನಿನ್ನ ಗಿರಾಕಿಗಳಿದ್ರು. ಅವ್ರೆದ್ರು ನೀ ಹೇಳಿದ್ದು ತಪ್ಪಾತು ಅಂತ ಆಗೂದು ಎಂತಕೆ ಅಂತ ಬಂದ್ಬಿಟ್ಟೆ."

ನಾನು ನಳಿಕೆಯನ್ನು ಬಿಸಿ ನೀರಿನಲ್ಲಿ ಮಗ್ಗುಲು ಬದಲಿಸಿದೆ.

"ಇದೆಲ್ಲ ಹೊಸ ನಮೂನೆ," ಎಂದರು ಅವರು. "ನಿಂಗೆ ಗೊತ್ತಿರೂದಿಲ್ಲ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನು, ಸಣ್ಣವ ಆಗೂದಿಲ್ಲ."

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತಪ್ಪು ನನ್ನ ಓದಿಲ್ಲದ ತಲೆಯದ್ದಾಗುತ್ತಿತ್ತು, ಮನಸ್ಸಿನದ್ದಲ್ಲ. ಮಾವ ದಾರಿ ಮಾಡಿ ಕೊಟ್ಟಿದ್ದರು. ಆದರೆ ಅರ್ಜಿ ಫಾರಮ್ಮಿನ ಮೇಲೆ ಬೆರಳಿಟ್ಟವನ ಮುಖ ನನಗೆ ನೆನಪಾಯಿತು. ನಿಂಗೆ ಗೊತ್ತಿರೂದಿಲ್ಲ ಎಂಬ ಮಾತನ್ನು, ಅದೂ ಮಾವನ ಬಾಯಿಂದ, ಷಡ್ಡಕ ಗಾಡಿಯ ಕೆಳಗೆ ಮಲಗಿರುವಾಗ, ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ.

"ಗೊತ್ತಿತ್ತು ಮಾವ," ಎಂದೆ.

"ಎಂತದು?"

"ಹಾಕೂಕಾಗೂದಿಲ್ಲ ಅಂತ. ಗೊತ್ತಿತ್ತು. ಲಾರಿ ಒಂದು ಇದೇ ಮಾಡ್ಕಂಡು ಬಂದಿತ್ತು. ನಾನೇ ತೊಳೆದಿದ್ದೆ."

ಸತ್ಯ ಹೇಳಬೇಕೆಂಬ ಆಸೆಯಿಂದ ಹೇಳಿದ್ದಲ್ಲ. ದಡ್ಡ ಅನ್ನಿಸಿಕೊಳ್ಳಲಾರದೆ ಹೇಳಿದ್ದು. ಮಾವ ನನ್ನ ಕೈಯನ್ನು ನೋಡಿದರು, ಮುಖವನ್ನಲ್ಲ. ಆಮೇಲೆ ಮೊಣಕಾಲ ಮೇಲೆ ಕೈಯೂರಿ ಎದ್ದು, ಪಂಚೆ ಕೊಡವಿ, "ಆತು" ಎಂದು ಒಳಗೆ ಹೋದರು.

ಗಾಡಿಯ ಕೆಳಗಿನಿಂದ ಷಡ್ಡಕನ ದನಿ ಬಂತು. "ಭಾವ, ಹದಿಮೂರರ ಪಾನಾ ಕೊಡಿ." ಅವನಿಗೆ ಎಲ್ಲ ಕೇಳಿಸಿತ್ತು. ಕೊಟ್ಟೆ. ಅವನು ಬಾನೆಟ್ ಎತ್ತಿ ನನ್ನ ಪಂಚಿನ ಚುಕ್ಕಿ ನೋಡಿ ಮುಚ್ಚುತ್ತಿದ್ದನಲ್ಲ, ಅದೇ ಮೌನ.

ಮಧ್ಯಾಹ್ನಕ್ಕೆ ಗಾಡಿ ಸರಿಯಾಯಿತು. ಊಟಕ್ಕೆ ಅತ್ತೆ ಇಬ್ಬರಿಗೂ ಒಂದೇ ಅಳತೆಯ ಮೀನು ಬಡಿಸಿದರು. ಮಾವ ಮಳೆಯ ವಿಷಯ, ಕಾಯಿಯ ವಿಷಯ ಮಾತಾಡಿದರು. ಮನೆಯಲ್ಲಿ ಯಾರಿಗೂ ಅವರು ಏನೂ ಹೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ. ನನ್ನ ಹೆಂಡತಿ ಇದನ್ನು ಮೊದಲ ಸಲ ಓದುವುದು ಇಲ್ಲೇ.

ಈಗಲೂ ಮಾವ ಕತಗಾಲಕ್ಕೆ ಹೋಗುವಾಗ ನನ್ನ ಗ್ಯಾರೇಜಿನ ಮುಂದೆ ನಿಲ್ಲಿಸುತ್ತಾರೆ. ಈಗ ಇಳಿಯುತ್ತಾರೆ, ನೆಂಟರ ಮನೆಗೆ ಬಂದವರ ಹಾಗೆ ಕುರ್ಚಿಯಲ್ಲಿ ಕೂತು ಚಾ ಕುಡಿಯುತ್ತಾರೆ. ಮೊಮ್ಮಕ್ಕಳನ್ನು ಕೇಳುತ್ತಾರೆ. ಗಾಡಿಯ ಬಗ್ಗೆ ಒಂದು ಮಾತಿಲ್ಲ. ಗಾಡಿ ಎದುರಿಗೇ ನಿಂತಿರುತ್ತದೆ.

ಕಳೆದ ವಾರ ಅವರು ಬಂದು ನಿಲ್ಲಿಸುವಾಗ ಹಿಂದಿನ ಬಲ ಚಕ್ರದಿಂದ ಒಂದು ಸಣ್ಣ ಕೂಗು ಕೇಳಿತು. ಬೇರಿಂಗ್. ಇನ್ನೂ ಶುರು, ಸ್ಕ್ಯಾನರಿಗೆ ಸಿಗುವಂಥದ್ದಲ್ಲ. ಭಾರ ಹೇರಿ ಓಡಿಸಿದರೆ ತಿಂಗಳೊಳಗೆ ಜಾಮ್ ಆಗುತ್ತದೆ. ಮಾವ ಚಾ ಕುಡಿದರು. ನಾನು ಆ ಮಾತನ್ನು ನಾಲಿಗೆಯ ತುದಿಯವರೆಗೆ ತಂದೆ. ಅವರು ಲೋಟ ಕೆಳಗಿಟ್ಟು, "ಬರ್ತೆ" ಎಂದು ಹೊರಟರು. ಹೋಗುವಾಗಲೂ ಚಕ್ರ ಕೂಗಿತು.

ಅರ್ಧ ತಾಸು ಕೆಲಸ ಮಾಡಲಾಗಲಿಲ್ಲ. ಆಮೇಲೆ ಷಡ್ಡಕನಿಗೆ ಫೋನ್ ಮಾಡಿದೆ. ನಾನಾಗಿ ಅವನಿಗೆ ಫೋನ್ ಮಾಡಿ ವರ್ಷಗಳಾಗಿದ್ದವು.

"ಮಾವನ ಗಾಡಿ ಹಿಂದಿನ ಬಲ ಬೇರಿಂಗ್ ಕೂಗ್ತದೆ. ಈ ವಾರವೇ ಬಿಚ್ಚಿ ನೋಡು."

"ನೀವೇ ಹಾಕಿ ಭಾವ. ನಾ ಮಾವಂಗೆ ಹೇಳ್ತೆ."

"ಬೇಡ. ಅವ್ರು ಕೇಳ್ಲಿಲ್ಲ. ನೀನೇ ಹಾಕು."

"ಆತು," ಎಂದ.

ಅವನು ಫೋನ್ ಇಡುವುದರೊಳಗೆ ನಾನು ಮತ್ತೆ ಕರೆದೆ. "ಮತ್ತೆ ಇದು ಕೇಳು. ಗುರ್ತು ಹಿಡಿದದ್ದು ಯಾರು ಅಂತ ಮಾವ ಕೇಳಿದ್ರೆ, ನಿನ್ನ ಮಷಿನ್ ಅಂತ ಹೇಳಬೇಡ."